ಶಿಷ್ಯ ತೆರೆದ ಬಾಗಿಲು

ಕಛೇರಿಯಲ್ಲಿ ವಿದ್ವಾಂಸರನ್ನು ಪರಿಚಯಿಸುವಾಗ 'ಇಂಥವರ ಶಿಷ್ಯರು' ಎಂದು ಶುರುಮಾಡುವುದು ನಮ್ಮ ವಾಡಿಕೆ. ರಾಕ್ ಸಂಗೀತದಲ್ಲೂ ಹಾಗೆ ನೆನೆಯಬೇಕಾದ ಮೇಷ್ಟ್ರೊಬ್ಬರಿದ್ದಾರೆ: ಜೋ ಸಟ್ರಿಯಾನಿ.

1956ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಹುಟ್ಟಿದ ಅವರು ಶಾಲೆಯ ಫುಟ್‌ಬಾಲ್ ತಂಡದಲ್ಲಿದ್ದವರು. 1970ರ ಸೆಪ್ಟೆಂಬರಿನಲ್ಲಿ ಜಿಮಿ ಹೆಂಡ್ರಿಕ್ಸ್ ತೀರಿಕೊಂಡ ಸುದ್ದಿ ಕೇಳಿ ಆಟ ಬಿಟ್ಟು ಗಿಟಾರ್ ಹಿಡಿದರು. ಕೆಲವೇ ವರ್ಷಗಳಲ್ಲಿ, ಅದೇ ಊರಿನ, ನಾಲ್ಕು ವರ್ಷ ಚಿಕ್ಕವನಾದ ಸ್ಟೀವ್ ವಾಯ್‌ಗೆ ಪಾಠ ಶುರುವಾಯಿತು. ಹುಡುಗ ಮೊದಲ ದಿನ ತಂದದ್ದು ತಂತಿಯಿಲ್ಲದ ಗಿಟಾರ್, ಜೊತೆಗೆ ಒಂದು ಪೊಟ್ಟಣ ತಂತಿ! 1974ರಲ್ಲಿ ಮೇಷ್ಟ್ರೇ ಶಿಷ್ಯರಾಗಿ, ಅಂಧ ಜಾಸ್ ಪಿಯಾನೋ ವಾದಕ ಲೆನ್ನಿ ಟ್ರಿಸ್ಟಾನೋ ಬಳಿ ಕಲಿತರು.

ಮುಂದೆ ಕ್ಯಾಲಿಫೋರ್ನಿಯಾದ ಬರ್ಕ್‌ಲಿಯ ಗಿಟಾರ್ ಅಂಗಡಿಯೊಂದರಲ್ಲಿ ವರ್ಷಗಟ್ಟಲೆ ಪಾಠ ಹೇಳಿದರು. ವಾಯ್ 1980ರಲ್ಲಿ ಫ್ರ್ಯಾಂಕ್ ಜಾಪಾ ತಂಡ ಸೇರಿದ್ದ. ಬರ್ಕ್‌ಲಿಯ ಶಿಷ್ಯ ಕರ್ಕ್ ಹ್ಯಾಮೆಟ್ 1983ರಲ್ಲಿ ಮೆಟಾಲಿಕಾ ಸೇರಿದ. ಮೇಷ್ಟ್ರು ಮಾತ್ರ ಅಂಗಡಿಯಲ್ಲೇ ಉಳಿದರು. 'ನಾಟ್ ಆಫ್ ದಿಸ್ ಅರ್ಥ್' ಆಲ್ಬಮ್ಮನ್ನು ಕ್ರೆಡಿಟ್ ಕಾರ್ಡಿನ ಸಾಲದಲ್ಲಿ ಧ್ವನಿಮುದ್ರಿಸಿದರು. ಅದನ್ನು ಕಂಪನಿಯವರ ಕಿವಿಗೆ ಮುಟ್ಟಿಸಿದವನು ವಾಯ್. 1986ರಲ್ಲಿ ಅದು ಹೊರಬಂತು. ಮರುವರ್ಷದ 'ಸರ್ಫಿಂಗ್ ವಿತ್ ದಿ ಏಲಿಯನ್' ಹಾಡುಗಾರಿಕೆಯೇ ಇಲ್ಲದೆ ಬಿಲ್‌ಬೋರ್ಡ್ ಪಟ್ಟಿಯಲ್ಲಿ 29ನೇ ಸ್ಥಾನಕ್ಕೇರಿತು. 1996ರ ಜಿ3 ಪ್ರವಾಸದಲ್ಲಿ ಗುರುಶಿಷ್ಯರಿಬ್ಬರೂ ಒಂದೇ ವೇದಿಕೆಯಲ್ಲಿ ನುಡಿಸಿದರು.

ಪಾಠ ಹೇಳುವುದು ವೇದಿಕೆ ದಕ್ಕದವರ ಹೊಟ್ಟೆಪಾಡು ಎಂದು ನಾವು ಹಗುರವಾಗಿ ಆಡುವುದುಂಟು. ಸಟ್ರಿಯಾನಿಯವರಿಗೆ ವೇದಿಕೆಯ ಬಾಗಿಲು ತೆರೆದದ್ದು ಆ ಪಾಠವೇ.