ಈ ಪ್ಯಾಡ್ ಯಾವ ಗಾಡಿಯದು? ಒಂದು ಅಂಬಾಸಿಡರ್ ಬ್ರೇಕಿನ ಹಿಂದಿನ ಚರಿತ್ರೆ

ಶಿರಾಡಿ ಘಾಟಿ ಇಳಿದು ಗುಂಡ್ಯದ ಹತ್ತಿರ ಗಾಡಿ ನಿಲ್ಲಿಸಿದಾಗ ಮುಂದಿನ ಎಡ ಚಕ್ರದಿಂದ ಹೊಗೆ ಏಳುತ್ತಿತ್ತು. ಒಳಗೆ ಸುಬ್ರಹ್ಮಣ್ಯಕ್ಕೆ ಹೊರಟ ಆರು ಜನ, ಅದರಲ್ಲಿ ಇಬ್ಬರು ಮಕ್ಕಳು. ಕೊನೆಯ ಎರಡು ತಿರುವಿನಲ್ಲಿ ಪೆಡಲ್ ತಳ ಹಿಡಿದಿತ್ತು, ಗೇರ್ ಇಳಿಸಿ, ಹ್ಯಾಂಡ್‌ಬ್ರೇಕ್ ಎಳೆದು ಹೇಗೋ ನಿಲ್ಲಿಸಿದೆ ಎಂದು ಗಾಡಿಯ ಯಜಮಾನರು ಆಮೇಲೆ ನಮಗೆ ಹೇಳಿದರು. ಅವರಿಗೆ ಎಪ್ಪತ್ತು ದಾಟಿದೆ. ಆ ಬಿಳಿ ಅಂಬಾಸಿಡರ್ ನಮ್ಮ ಹೋಬಳಿಯ ಎಷ್ಟೋ ಮದುವೆಗಳಲ್ಲಿ ಹೂವು ಮುಡಿದು ನಿಂತದ್ದು. ಅದು ಹೊಗೆಯಾಡಿತು ಎಂಬ ಸುದ್ದಿ ಕೇಳಿ ನೋಡಲು ಹೋದ ನಾವು, ಕೊನೆಗೆ ಅದರ ಬಿಡಿಭಾಗ ಹುಡುಕುವ ಕೆಲಸಕ್ಕೇ ಬಿದ್ದೆವು.

ಆ ಗಾಡಿಗೆ ಮುಂದೆ ಇರುವುದು ಡಿಸ್ಕ್ ಬ್ರೇಕ್. ಕಂಪನಿಯಿಂದ ಬಂದದ್ದಲ್ಲ. ಹತ್ತು ವರ್ಷದ ಹಿಂದೆ ಒಬ್ಬ ಮೇಸ್ತ್ರಿ ಡ್ರಮ್ ತೆಗೆದು ಹಾಕಿಕೊಟ್ಟದ್ದು. ಆ ಮೇಸ್ತ್ರಿ ಈಗ ಇಲ್ಲ. ಪ್ಯಾಡ್ ಪೂರ್ತಿ ಸವೆದು ಕಬ್ಬಿಣಕ್ಕೆ ಕಬ್ಬಿಣ ತಾಗಿದೆ. ಹೊಸ ಪ್ಯಾಡ್ ಹಾಕಿದರೆ ಮುಗಿಯಿತಲ್ಲ ಎಂದು ಹಾಸನದ ಒಂದು ಸ್ಪೇರ್ ಅಂಗಡಿಗೆ ಹಳೆಯದನ್ನು ಒಯ್ದೆವು. ಅಂಗಡಿಯವರು ತಿರುಗಿಸಿ ಮುರುಗಿಸಿ ನೋಡಿ, "ಸಾರ್, ಇದು ಅಂಬಾಸಿಡರ್‌ದಲ್ಲ. ಯಾವ ಗಾಡಿದು ಅಂತ ಹೇಳಿ, ಕೊಡ್ತೀನಿ" ಅಂದರು.

ಆ ಪ್ರಶ್ನೆಗೆ ಉತ್ತರ ಯಾಕೆ ಸುಲಭಕ್ಕೆ ಸಿಗಲಿಲ್ಲ ಎಂಬುದು ತಿಳಿಯಬೇಕಾದರೆ ಎಪ್ಪತ್ತು ವರ್ಷ ಹಿಂದಕ್ಕೆ ಹೋಗಬೇಕು.

ಅಂಬಾಸಿಡರ್ ಹುಟ್ಟಿನಿಂದ ಇಂಗ್ಲೆಂಡಿನ ಗಾಡಿ. ಅಲ್ಲಿ 1956ರಲ್ಲಿ ಬಂದ ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿಯ ಅಚ್ಚನ್ನು ಬಿರ್ಲಾ ಮನೆತನದ ಹಿಂದುಸ್ತಾನ್ ಮೋಟಾರ್ಸ್ ತಂದಿತು. 1942ರಲ್ಲಿ ಗುಜರಾತಿನ ಓಖಾ ಬಂದರಿನಲ್ಲಿ ಶುರುವಾದ ಈ ಕಂಪನಿ 1948ರಲ್ಲಿ ಕೋಲ್ಕತ್ತದ ಪಕ್ಕದ ಉತ್ತರಪಾಡಾಕ್ಕೆ ಬಂದಿತ್ತು. ಅಂಬಾಸಿಡರ್‌ಗೆ ಮೊದಲು ಬಂದ ಲ್ಯಾಂಡ್‌ಮಾಸ್ಟರ್ ಕೂಡ ಮಾರಿಸ್ ಆಕ್ಸ್‌ಫರ್ಡಿನ ಹಿಂದಿನ ಸರಣಿಯದೇ. ಇಂಗ್ಲೆಂಡಿನವರು ಮೂರನೇ ಸರಣಿಯನ್ನು ಮೂರೇ ವರ್ಷ ಮಾಡಿ 1959ರಲ್ಲಿ ಕೈಬಿಟ್ಟರು. ನಮ್ಮವರು 2014ರ ಮೇ ತಿಂಗಳವರೆಗೆ ಮಾಡಿದರು. ಹೊರಗಿನ ಗ್ರಿಲ್ಲು, ದೀಪ, ಒಳಗಿನ ಡ್ಯಾಶ್‌ಬೋರ್ಡು ಆಗಾಗ ಬದಲಾದವು. ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕ್ ಎಂಬುದು ದಶಕಗಟ್ಟಲೆ ಹಾಗೆಯೇ ಉಳಿಯಿತು.

ಇಲ್ಲಿ ಒಂದು ವಿಚಿತ್ರ ಇದೆ. ಆ ಅಚ್ಚು ತಯಾರಾದ ಹೊತ್ತಿಗೇ ಇಂಗ್ಲೆಂಡಿನಲ್ಲಿ ಡಿಸ್ಕ್ ಬ್ರೇಕ್ ಕಣ್ಣು ಬಿಡುತ್ತಿತ್ತು. ಡಿಸ್ಕಿನ ಆಲೋಚನೆ ಹೊಸದೇನಲ್ಲ. ಬರ್ಮಿಂಗ್‌ಹ್ಯಾಮಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲೇ ಅದಕ್ಕೆ ಪೇಟೆಂಟ್ ತೆಗೆದುಕೊಂಡಿದ್ದರು. ಫ್ರಾನ್ಸಿನ ಲೂಯಿ ರೆನೋ ಡ್ರಮ್ ಬ್ರೇಕಿಗೆ ಒಂದು ರೂಪ ಕೊಟ್ಟದ್ದೂ ಅದೇ ವರ್ಷ. ಲ್ಯಾಂಚೆಸ್ಟರ್ ತಟ್ಟೆಯನ್ನು ಹಿಡಿಯಲು ತಾಮ್ರ ಬಳಸಿದರು. ಅದು ಕಿವಿ ಕಿತ್ತುಹೋಗುವ ಹಾಗೆ ಕಿರುಚುತ್ತಿತ್ತು, ಧೂಳಿನ ರಸ್ತೆಯಲ್ಲಿ ಬೇಗ ಸವೆಯುತ್ತಿತ್ತು. ಡ್ರಮ್‌ನಲ್ಲಿ ಎಲ್ಲವೂ ಮುಚ್ಚಿದ ಬಟ್ಟಲಿನೊಳಗೆ ಇರುವುದರಿಂದ ಅಂದಿನ ರಸ್ತೆಗೆ ಅದೇ ಗೆದ್ದಿತು.

ಉಜ್ಜುವ ವಸ್ತುವಿನದೇ ಒಂದು ಕಥೆ. ಡರ್ಬಿಶೈರ್‌ನ ಹರ್ಬರ್ಟ್ ಫ್ರೂಡ್ ಎಂಬಾತ, ಇಳಿಜಾರಿನಲ್ಲಿ ರೈತರು ಗಾಡಿಯ ಚಕ್ರಕ್ಕೆ ಹಳೆಯ ಬೂಟನ್ನು ಒತ್ತಿ ವೇಗ ತಗ್ಗಿಸುವುದನ್ನು ಕಂಡು ಬ್ರೇಕ್ ಲೈನಿಂಗ್ ಮಾಡಲು ಹೊರಟ ಎಂದು ಹೇಳುತ್ತಾರೆ. 1897ರಲ್ಲಿ ಆತ ಶುರು ಮಾಡಿದ್ದೇ ಮುಂದೆ ಫೆರೋಡೊ ಎಂಬ ಹೆಸರಾಯಿತು. ಆಮೇಲೆ ಲೈನಿಂಗಿಗೆ ಬಹುಕಾಲ ಆಸ್ಬೆಸ್ಟಾಸ್ ಬಂತು. ಹಳೆಯ ಡ್ರಮ್ ಬಿಚ್ಚುವವರು ಒಳಗಿನ ಧೂಳನ್ನು ಬಾಯಿಂದಲೋ ಗಾಳಿ ಪಂಪಿನಿಂದಲೋ ಊದುವುದನ್ನು ಇವತ್ತೂ ನೋಡುತ್ತೇವೆ. ದಯವಿಟ್ಟು ಹಾಗೆ ಮಾಡಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಆ ಧೂಳು ಶ್ವಾಸಕೋಶಕ್ಕೆ ಹೋದರೆ ಹೊರಗೆ ಬರುವುದಿಲ್ಲ.

ಡಿಸ್ಕಿನ ಬಲ ಜಗತ್ತಿಗೆ ಕಂಡದ್ದು 1953ರಲ್ಲಿ. ಫ್ರಾನ್ಸಿನ ಲ ಮಾನ್ 24 ಗಂಟೆಯ ಓಟದಲ್ಲಿ ಡನ್‌ಲಪ್ ಡಿಸ್ಕ್ ಹಾಕಿದ ಜಾಗ್ವಾರ್ ಸಿ ಟೈಪ್ ಗೆದ್ದಿತು. ಡ್ರಮ್ ಇದ್ದವರು ತಿರುವಿಗೆ ಬಹಳ ಮೊದಲೇ ಬ್ರೇಕ್ ಹಿಡಿಯಬೇಕಾಗಿತ್ತು, ಜಾಗ್ವಾರಿನವರು ಹತ್ತಿರ ಹೋಗಿ ಹಿಡಿಯುತ್ತಿದ್ದರು. 1955ರಲ್ಲಿ ಸಿತ್ರೊಯೆನ್ ಡಿಎಸ್, 1956ರಲ್ಲಿ ಟ್ರಯಂಫ್ ಟಿಆರ್3. 1959ರಲ್ಲಿ ಎಂಜಿಎ 1600 ಎಂಬ ಗಾಡಿಗೂ ಮುಂದೆ ಡಿಸ್ಕ್ ಬಂತು. ಇದನ್ನು ಯಾಕೆ ಹೇಳುತ್ತೇವೆಂದರೆ, ಅದರ ಎಂಜಿನ್ ನಮ್ಮ ಅಂಬಾಸಿಡರಿನ 1489 ಸಿಸಿ ಎಂಜಿನ್ನಿನ ಕುಟುಂಬದ್ದೇ. ಅಣ್ಣತಮ್ಮಂದಿರಲ್ಲಿ ಒಬ್ಬನಿಗೆ ಡಿಸ್ಕ್ ಸಿಕ್ಕಿತು, ಇನ್ನೊಬ್ಬ ಡ್ರಮ್ ಕಟ್ಟಿಕೊಂಡು ಹಡಗು ಹತ್ತಿ ಬಂದ.

ವ್ಯತ್ಯಾಸ ಏನೆಂದು ಘಾಟಿ ಇಳಿಸುವವರಿಗೆ ಹೇಳಬೇಕಿಲ್ಲ. ಡ್ರಮ್‌ನಲ್ಲಿ ಶೂ ಒಳಗಿನಿಂದ ಬಟ್ಟಲಿಗೆ ಒತ್ತುತ್ತದೆ. ಬಿಸಿಯಾದರೆ ಬಟ್ಟಲು ಹಿಗ್ಗಿ ಶೂನಿಂದ ದೂರ ಸರಿಯುತ್ತದೆ, ಪೆಡಲ್ ಕೆಳಗೆ ಹೋಗುತ್ತದೆ. ಹಳ್ಳ ದಾಟಿದರೆ ಒಳಗೆ ನೀರು ನಿಂತು ಸ್ವಲ್ಪ ದೂರ ಬ್ರೇಕೇ ಹಿಡಿಯುವುದಿಲ್ಲ. ಡಿಸ್ಕ್ ಗಾಳಿಗೆ ತೆರೆದುಕೊಂಡಿರುತ್ತದೆ, ಬೇಗ ಆರುತ್ತದೆ, ನೀರನ್ನು ಎರಚಿ ಬಿಸಾಡುತ್ತದೆ. ಆದರೆ ಡ್ರಮ್‌ಗೂ ಒಂದು ಗುಣ ಇದೆ: ಚಕ್ರ ತಿರುಗುವ ರಭಸವೇ ಶೂವನ್ನು ಇನ್ನಷ್ಟು ಒಳಕ್ಕೆ ಎಳೆದು ಕಚ್ಚಿಸುತ್ತದೆ, ಕಾಲಿನ ಶ್ರಮ ಕಡಿಮೆ. ಡಿಸ್ಕಿಗೆ ಆ ಸಹಾಯ ಇಲ್ಲ. ಭಾರದ ಗಾಡಿಗೆ ಡಿಸ್ಕ್ ಹಾಕಿದಾಗ ಬೂಸ್ಟರ್ ಬೇಕಾಗುವುದು ಇದಕ್ಕೇ.

ಇನ್ನು ನಮ್ಮ ದೇಶದಲ್ಲಿ ಅಂದು ಲೈಸೆನ್ಸಿನ ಕಾಲ. ಅಂಬಾಸಿಡರ್, ಫಿಯೆಟ್, ಸ್ಟ್ಯಾಂಡರ್ಡ್, ಇಷ್ಟೇ. ಹಣ ಕಟ್ಟಿ ವರ್ಷಗಟ್ಟಲೆ ಕಾಯುವ ಗಿರಾಕಿ ಇರುವಾಗ ಬ್ರೇಕ್ ಬದಲಿಸುವ ಅವಸರ ಯಾರಿಗಿತ್ತು? ಇದನ್ನು ಬೈಯುವವರು ಬಹಳ ಜನ, ನಾವೂ ಬೈಯುತ್ತೇವೆ. ಆದರೆ ಅದರ ಇನ್ನೊಂದು ಮುಖವೂ ಇದೆ. ಅಚ್ಚು ಬದಲಾಗದ ಕಾರಣ ಬಿಡಿಭಾಗವೂ ಬದಲಾಗಲಿಲ್ಲ. 1962ರಲ್ಲಿ ಟಿವಿಎಸ್‌ನವರು ಇಂಗ್ಲೆಂಡಿನ ಲ್ಯೂಕಾಸ್ ಜೊತೆ ಸೇರಿ ಮದರಾಸಿನ ಪಾಡಿಯಲ್ಲಿ ಬ್ರೇಕ್ಸ್ ಇಂಡಿಯಾ ಶುರು ಮಾಡಿದರು. ಇಂಥ ಕಾರ್ಖಾನೆಗಳಿಂದ ಬ್ರೇಕಿನ ಸಾಮಾನು ಇಲ್ಲೇ ತಯಾರಾಗಿ ತಾಲ್ಲೂಕು ಕೇಂದ್ರದವರೆಗೆ ಹರಿಯಿತು. ಅಂಬಾಸಿಡರ್ ಶೂ ಅಂದರೆ ಸಾಕು, ಯಾವ ವರ್ಷದ ಗಾಡಿ ಎಂದು ಕೇಳದೆ ತೆಗೆದುಕೊಡುವ ಅಂಗಡಿಗಳು ಇದ್ದವು.

1990ರ ದಶಕದ ಆರಂಭದಲ್ಲಿ ಅಂಬಾಸಿಡರ್‌ಗೆ ಇಸುಜುವಿನ 1.8 ಲೀಟರ್ ಪೆಟ್ರೋಲ್ ಎಂಜಿನ್ ಬಂತು. ಶಕ್ತಿ ಹೆಚ್ಚಾಯಿತು, ಓಟ ಹೆಚ್ಚಾಯಿತು, ರಸ್ತೆಯೂ ಅಗಲವಾಯಿತು. ಪಕ್ಕದಲ್ಲಿ ಓಡುವ ಮಾರುತಿ ಗಕ್ಕನೆ ನಿಂತರೆ ಹಿಂದಿನ ಅಂಬಾಸಿಡರ್ ನಿಲ್ಲುತ್ತಿರಲಿಲ್ಲ. ಕೊನೆಗಾಲದ ಕೆಲವು ಮಾದರಿಗಳಿಗೆ ಕಂಪನಿಯೇ ಮುಂದೆ ಡಿಸ್ಕ್ ಕೊಟ್ಟಿತು. ಹಳೆಯ ಗಾಡಿ ಇದ್ದವರು ಗ್ಯಾರೇಜಿಗೆ ಹೋದರು. ಗುಜರಿಯಿಂದ ಯಾವುದೋ ಗಾಡಿಯ ಕ್ಯಾಲಿಪರ್, ಇನ್ಯಾವುದರದೋ ಡಿಸ್ಕ್, ಲೇತ್‌ನಲ್ಲಿ ಕಡೆಸಿದ ಬ್ರ್ಯಾಕೆಟ್. ಒಂದು ಗ್ಯಾರೇಜಿನ ಲೆಕ್ಕ ಇನ್ನೊಂದು ಗ್ಯಾರೇಜಿನಲ್ಲಿ ಇಲ್ಲ, ಯಾರೂ ಬರೆದಿಡಲೂ ಇಲ್ಲ.

ನಮ್ಮ ಯಜಮಾನರ ಗಾಡಿಯೂ ಹಾಗೇ. ಮೊದಲು ಕೊನೆಗಾಲದ ಅಂಬಾಸಿಡರಿನ ಡಿಸ್ಕ್ ಪ್ಯಾಡ್ ತರಿಸಿ ಪಕ್ಕದಲ್ಲಿಟ್ಟು ನೋಡಿದೆವು. ಆಕಾರವೇ ಬೇರೆ. ಆಮೇಲೆ ಕಾಂಟೆಸ್ಸಾದ್ದಿರಬಹುದು ಎಂದರು, ಅದೂ ಅಲ್ಲ. ಆಗ ಊರಿನ ಇನ್ನೊಬ್ಬ ಮೇಸ್ತ್ರಿ, "ಪ್ಯಾಡ್ ಹಿಡ್ಕಂಡು ಅಲೀಬೇಡಿ. ಎಲ್ಲಾ ಬಿಚ್ಚಿ ಅಳತೆ ತಗಳ್ಳಿ" ಅಂದರು. ಒಂದು ಭಾನುವಾರ ಪೂರ್ತಿ ಆ ಕೆಲಸವೇ. ಹಬ್ ಅಂಬಾಸಿಡರಿನದೇ, ಅಂಚನ್ನು ಲೇತ್‌ನಲ್ಲಿ ಕಡೆಸಿದ್ದಾರೆ. ಡಿಸ್ಕ್ ಬೇರೆ ಗಾಡಿಯದು, ಬೋಲ್ಟಿನ ತೂತು ಹೊಸದಾಗಿ ಕೊರೆದದ್ದು, ಹಳೆಯ ತೂತುಗಳು ಪಕ್ಕದಲ್ಲೇ ಕಾಣುತ್ತವೆ. ಕ್ಯಾಲಿಪರ್ ಮೂರನೆಯ ಗಾಡಿಯದು. ತುಕ್ಕು ಕೆರೆದಾಗ ಅದರ ಮೈಮೇಲೆ ಎರಕದಲ್ಲೇ ಮೂಡಿದ ಅಕ್ಷರ, ಅಂಕಿ ಸಿಕ್ಕವು. ಡಿಸ್ಕಿನ ಅಂಚಿನಲ್ಲಿ ಇಂಗ್ಲಿಷಿನಲ್ಲಿ 'ಮಿನ್ ಟಿಎಚ್' ಎಂದು ಬರೆದು ಮಿಲಿಮೀಟರ್ ಅಂಕಿ ಇತ್ತು. ಇದಕ್ಕಿಂತ ತೆಳುವಾದರೆ ಬಳಸಬೇಡಿ ಎಂದು ಅದರ ಅರ್ಥ. ವರ್ನಿಯರ್ ಹಿಡಿದು ನೋಡಿದರೆ ನಮ್ಮದು ಆಗಲೇ ಅದಕ್ಕಿಂತ ತೆಳು. ಬರೀ ಪ್ಯಾಡ್ ಹಾಕಿ ಕಳಿಸಿದ್ದರೆ ಏನಾಗುತ್ತಿತ್ತೋ.

ಪಿಸ್ಟನ್ನಿನ ವ್ಯಾಸ, ಪ್ಯಾಡಿನ ಉದ್ದ, ಎತ್ತರ, ದಪ್ಪ, ಡಿಸ್ಕಿನ ವ್ಯಾಸ, ನಡುವಿನ ತೂತು, ಟೋಪಿಯ ಎತ್ತರ, ಎಲ್ಲವನ್ನೂ ಬರೆದುಕೊಂಡು, ಅಕ್ಷರಗಳ ಫೋಟೊ ಹಿಡಿದು ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದೆವು. ನಾಲ್ಕನೆಯ ಅಂಗಡಿಯ ಹಿರಿಯರೊಬ್ಬರು ಕನ್ನಡಕ ಏರಿಸಿ ಫೋಟೊ ನೋಡಿ ಒಂದು ಡಬ್ಬಿ ತೆಗೆದರು. ಪ್ಯಾಡ್ ಸರಿಯಾಗಿ ಕೂತಿತು. ಅದೇ ಕ್ಯಾಲಿಪರಿನ ರಬ್ಬರ್ ಕಿಟ್ಟೂ ಸಿಕ್ಕಿತು. ಅದು ಯಾವ ಗಾಡಿಯದು ಎಂದು ಇಲ್ಲಿ ಬರೆಯುವುದಿಲ್ಲ. ಬರೆದರೆ ನಾಳೆ ಯಾರಾದರೂ ತಮ್ಮ ಅಂಬಾಸಿಡರ್‌ಗೂ ಅದನ್ನೇ ಕೊಂಡು ತರುತ್ತಾರೆ, ಅವರ ಗಾಡಿಯ ಮೇಸ್ತ್ರಿ ಇನ್ನೇನು ಹಾಕಿದ್ದಾನೋ.

ಎಲ್ಲ ಜೋಡಿಸಿ ಓಡಿಸಿದರೆ ನಾಲ್ಕೇ ಕಿಲೋಮೀಟರಿಗೆ ಚಕ್ರ ಮತ್ತೆ ಸುಡುತ್ತಿದೆ. ಹತ್ತು ವರ್ಷದಿಂದಲೂ ಸ್ವಲ್ಪ ಬಿಸಿಯಾಗುತ್ತಿತ್ತು, ಡಿಸ್ಕ್ ಅಂದರೆ ಹಾಗೇ ಅಂದುಕೊಂಡಿದ್ದೆ ಎಂದರು ಯಜಮಾನರು. ಮೇಸ್ತ್ರಿ ಜಾಕ್ ಏರಿಸಿ, ಪೆಡಲ್ ಒತ್ತಿ ಬಿಟ್ಟು, ಚಕ್ರ ತಿರುಗಿಸಿ ನೋಡಿದರು. ಬಿಗಿ. ಕ್ಯಾಲಿಪರಿನ ಬ್ಲೀಡರ್ ನಿಪ್ಪಲ್ ಕೊಂಚ ಸಡಿಲಿಸಿದ ಕೂಡಲೇ ಚಿಟಿಕೆ ಆಯಿಲ್ ಚಿಮ್ಮಿ ಚಕ್ರ ಹಗುರಾಯಿತು. ಅಂದರೆ ಪಿಸ್ಟನ್ ಸಿಕ್ಕಿಹಾಕಿಕೊಂಡಿಲ್ಲ, ಪೈಪಿನಲ್ಲಿ ಒತ್ತಡ ಉಳಿದಿದೆ.

ಕಾರಣ ಮಾಸ್ಟರ್ ಸಿಲಿಂಡರ್. ಹಳೆಯ ಮೇಸ್ತ್ರಿ ಚಕ್ರದ ಬಳಿಯ ಬ್ರೇಕ್ ಬದಲಿಸಿದ್ದರು, ಡ್ರಮ್ ಕಾಲದ ಮಾಸ್ಟರ್ ಸಿಲಿಂಡರನ್ನು ಹಾಗೇ ಬಿಟ್ಟಿದ್ದರು. ಡ್ರಮ್‌ಗೆಂದು ಮಾಡಿದ ಇಂಥ ಸಿಲಿಂಡರಿನಲ್ಲಿ ಒಂದು ಚಿಕ್ಕ ವಾಲ್ವ್ ಇರುತ್ತದೆ. ಪೆಡಲ್ ಬಿಟ್ಟ ಮೇಲೂ ಅದು ಪೈಪಿನಲ್ಲಿ ಸ್ವಲ್ಪ ಒತ್ತಡ ಹಿಡಿದಿಡುತ್ತದೆ, ಟೈರಿನ ಗಾಳಿಯ ಲೆಕ್ಕದಲ್ಲಿ ಹೇಳಿದರೆ ಸುಮಾರು 10 ಪೌಂಡ್. ಡ್ರಮ್‌ನ ಶೂಗಳನ್ನು ಗಟ್ಟಿ ಸ್ಪ್ರಿಂಗ್ ಹಿಂದಕ್ಕೆ ಎಳೆಯುವುದರಿಂದ ಅಲ್ಲಿ ಅದು ಒಳ್ಳೆಯದೇ. ಡಿಸ್ಕಿನಲ್ಲಿ ಸ್ಪ್ರಿಂಗ್ ಇಲ್ಲ, ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆ ತರುವುದು ರಬ್ಬರ್ ಸೀಲ್ ಮಾತ್ರ. ಆ 10 ಪೌಂಡಿಗೆ ಪ್ಯಾಡ್ ಸದಾ ಡಿಸ್ಕಿಗೆ ಅಂಟಿಕೊಂಡೇ ಇರುತ್ತದೆ. ಊರೊಳಗೆ ಓಡುವಾಗ ಗೊತ್ತಾಗದು. ಶಿರಾಡಿಯಲ್ಲಿ ಆ ಬಿಸಿಯ ಮೇಲೆ ಇಳಿಜಾರಿನ ಬಿಸಿಯೂ ಸೇರಿ ಬ್ರೇಕ್ ಆಯಿಲ್ ಕುದಿದಿದೆ. ಆಯಿಲ್ ಗಾಳಿಯ ತೇವ ಹೀರುತ್ತದೆ. ಹೊಸ ಡಾಟ್ 3 ಆಯಿಲ್ ಕುದಿಯುವುದು 205 ಡಿಗ್ರಿ ಸೆಲ್ಸಿಯಸ್ ಮೇಲೆ. ತೇವ ಕುಡಿದ ಮೇಲೆ ಅದು 140ರ ಆಸುಪಾಸಿಗೆ ಇಳಿಯುತ್ತದೆ. ಕುದಿದ ಆವಿಯನ್ನು ಪೆಡಲ್ ಒತ್ತಿದರೆ ಗಾಳಿ ಒತ್ತಿದ ಹಾಗೆ, ಕಾಲು ನೇರ ತಳಕ್ಕೆ. ಯಜಮಾನರು ಕೊನೆಯದಾಗಿ ಆಯಿಲ್ ಬದಲಿಸಿದ್ದು ಯಾವಾಗ ಎಂದು ಕೇಳಿದೆವು. ಕಡಿಮೆಯಾದಾಗ ಮೇಲೆ ಹಾಕುತ್ತಿದ್ದೆ ಎಂದರು.

ಮುಂದೆ ಡಿಸ್ಕ್, ಹಿಂದೆ ಡ್ರಮ್ ಇರುವ ಗಾಡಿಯ ಜೋಡಿ ಮಾಸ್ಟರ್ ಸಿಲಿಂಡರ್ ಹಾಕಿಸಿದೆವು. ಇದರಲ್ಲಿ ಮುಂದಕ್ಕೂ ಹಿಂದಕ್ಕೂ ಬೇರೆ ಬೇರೆ ದಾರಿ, ಒಂದು ಸೋರಿದರೂ ಇನ್ನೊಂದು ಉಳಿಯುತ್ತದೆ. ಅದರ ಕೊಳವೆಯ ವ್ಯಾಸಕ್ಕೂ ತಲೆ ಕೆಡಿಸಿಕೊಳ್ಳಬೇಕಾಯಿತು. ಹೆಚ್ಚಾದರೆ ಪೆಡಲ್ ಕಲ್ಲು, ಕಡಿಮೆಯಾದರೆ ಪೆಡಲ್ ಬಹಳ ಕೆಳಗೆ. ಎರಡನೆಯ ಸಿಲಿಂಡರ್ ಸರಿ ಹೋಯಿತು, ಜೊತೆಗೆ ಬೂಸ್ಟರ್. ಡಿಸ್ಕೂ ಹೊಸದು ತಂದು ಅದೇ ಲೇತ್‌ನಲ್ಲಿ ತೂತು ಕೊರೆಸಿದೆವು. ಖರ್ಚು ಯಜಮಾನರ ಮೂರು ಮದುವೆಯ ಬಾಡಿಗೆ ದಾಟಿತು.

ಅಳತೆ, ನಂಬರ್, ಯಾವ ಭಾಗ ಯಾವ ಗಾಡಿಯದು, ಎಲ್ಲಿ ಸಿಕ್ಕಿತು, ಎಲ್ಲವನ್ನೂ ಅವರ ಮೊಮ್ಮಗಳು ಒಂದು ನೋಟ್‌ಬುಕ್ಕಿನಲ್ಲಿ ಬರೆದು ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಆರ್‌ಸಿ ಪುಸ್ತಕದ ಜೊತೆ ಇಟ್ಟಿದ್ದಾಳೆ. ಹಿಂದಿನ ಚಕ್ರದ ಶೂಗಳೂ ಸವೆದಿದ್ದವು. ಅದಕ್ಕೆ ಹಾಸನದ ಅದೇ ಅಂಗಡಿಗೆ ಹೋಗಿ, "ಅಂಬಾಸಿಡರ್, ಹಿಂದಿನ ಶೂ" ಅಂದೆವು. ಅವರು ಏಣಿ ಹತ್ತಿ ಧೂಳು ಕೊಡವಿ ಡಬ್ಬಿ ಕೈಗಿಟ್ಟರು.