ಮೆಲ್ಬರ್ನ್ ಕಥೆ, ಭಾಗ 9: ಲಿಟಲ್ ಲಾನ್ ಎಂಬ ಗಲ್ಲಿ

ಈ ಸಲದ ವಿಷಯ ಸ್ವಲ್ಪ ಮುಜುಗರದ್ದು. ಅವ್ವಾ, ದೊಡ್ಡವ್ವಾ, ಪೂರ್ತಿ ಓದಿದ ಮೇಲೆ ಬೈಯಿರಿ!

1967ರಲ್ಲಿ ಯುರೋಪಿನ ಆರು ನಿರ್ದೇಶಕರು ಸೇರಿ 'ಜಗತ್ತಿನ ಅತಿ ಹಳೆಯ ವೃತ್ತಿ' ಅನ್ನೋ ಅರ್ಥದ ಹೆಸರಿನ ಹಾಸ್ಯಚಿತ್ರ ಮಾಡಿದರು. ಆದಿಮಾನವರಿಂದ ಭವಿಷ್ಯದ ಕಾಲದವರೆಗೆ ವೇಶ್ಯಾವೃತ್ತಿಯ ಬಗ್ಗೆ ಆರು ಕಥೆ, ಎಲ್ಲಾ ನಗೆ. ಈ ಮಾತು ಹಬ್ಬಿದ್ದು ಕಿಪ್ಲಿಂಗ್ 1880ರ ದಶಕದಲ್ಲಿ ಬರೆದ ಲಾಹೋರಿನ ಒಂದು ಕಥೆಯಿಂದ. ನನ್ನನ್ನು ಕೇಳಿದರೆ ಸೂಲಗಿತ್ತಿಯ ಕೆಲಸ ಅದಕ್ಕಿಂತ ಹಳೆಯದು.

ನಮ್ಮ ಟಾರ್ನೀಟ್‌ನಿಂದ ರೈಲು ಹತ್ತಿ ಸಿಟಿಗೆ ಹೋದರೆ ಪಾರ್ಲಿಮೆಂಟಿನ ಹತ್ತಿರವೇ ಲಾನ್ಸ್‌ಡೇಲ್ ಸ್ಟ್ರೀಟ್. ಅದರ ಹಿಂದಿನ ಗಲ್ಲಿಗಳಿಗೆ 'ಲಿಟಲ್ ಲಾನ್' ಅಂತ ಹೆಸರು. 1870ರ ದಶಕದಿಂದ ಅಲ್ಲಿ ಕ್ಯಾರೊಲಿನ್ ಹಾಡ್ಜ್‌ಸನ್ ಎಂಬ ಹೆಂಗಸು ವೇಶ್ಯಾಗೃಹ ನಡೆಸಿದಳು. ಹುಟ್ಟಿದ್ದು ಪ್ರಷ್ಯಾದಲ್ಲಿ, ಊರಿಗೆಲ್ಲ 'ಮೇಡಂ ಬ್ರಸೆಲ್ಸ್'. ಗಂಡ ಪೊಲೀಸ್, ಕೆಲಸ ದೂರದ ಊರಲ್ಲಿ. ದೊಡ್ಡ ಮನುಷ್ಯರೇ ಅವಳ ಗಿರಾಕಿಗಳು ಅಂತ ಪ್ರತೀತಿ. 1891ರಲ್ಲಿ ಪಾರ್ಲಿಮೆಂಟಿನ ಅಧಿಕಾರದಂಡವೇ ಕಳುವಾದಾಗ, ಅದು ಇಂಥ ಮನೆಯೊಂದಕ್ಕೆ ಹೋಗಿದೆ ಅಂತ ಊರೆಲ್ಲ ಗುಸುಗುಸು. ಇವತ್ತಿಗೂ ಸಿಕ್ಕಿಲ್ಲ.

ಕೋರ್ಟಿನ ಮೆಟ್ಟಿಲು ಹತ್ತಿದ್ದು ಮಾತ್ರ ಆಕೆ, ಗಿರಾಕಿಗಳಲ್ಲ. 1907ರ ಕಾನೂನು ಬಿಗಿಯಾದಾಗ ಮನೆ ಮುಚ್ಚಿತು. 1908ರಲ್ಲಿ ತೀರಿಕೊಂಡಳು.

1987-88ರಲ್ಲಿ ಆ ಜಾಗ ಅಗೆದಾಗ ಟೀ ಕಪ್ಪು, ಔಷಧಿ ಬಾಟಲಿ, ಮಕ್ಕಳ ಗೊಂಬೆ, ಗೋಲಿಗಳು ಸಿಕ್ಕವು. ಪತ್ರಿಕೆಗಳು ಬರೀ ಪಾಪದ ಕೇರಿ ಅಂದಿದ್ದವು. ಆದರೆ ಅದೇ ಗಲ್ಲಿಯಲ್ಲಿ ಐರಿಷ್, ಚೀನೀ ಬಡ ಸಂಸಾರಗಳೂ ಬಾಳಿದ್ದವು. ನಮ್ಮಂತೆ ಹೊಟ್ಟೆಪಾಡಿಗೆ ಬಂದವರು.

2022ರಲ್ಲಿ ವಿಕ್ಟೋರಿಯಾ ಈ ಕೆಲಸವನ್ನು ಅಪರಾಧದ ಪಟ್ಟಿಯಿಂದ ತೆಗೆಯಲು ಕಾನೂನು ಮಾಡಿತು. 2023ರ ಡಿಸೆಂಬರ್ ಹೊತ್ತಿಗೆ ಅದು ಪೂರ್ತಿ ಜಾರಿ. ಉಳಿದ ಕೆಲಸಗಳಿಗೆ ಇರುವ ಆರೋಗ್ಯ, ಸುರಕ್ಷತೆಯ ನಿಯಮಗಳೇ ಇದಕ್ಕೂ. ನರ್ಸ್ ಆಗಿ ಇದರ ಬೆಲೆ ನನಗೆ ಗೊತ್ತು. ಪೊಲೀಸರ ಭಯ ಇದ್ದವಳು ಆಸ್ಪತ್ರೆಗೆ ತಡವಾಗಿಯೇ ಬರುತ್ತಾಳೆ, ಬಂದರೂ ಪೂರ್ತಿ ಹೇಳುವುದಿಲ್ಲ.

ಇದನ್ನೆಲ್ಲ ಓದುವಾಗ ನನಗೆ ನೆನಪಾಗಿದ್ದು ನಮ್ಮ ಸವದತ್ತಿ. ಮೈಸೂರು ಸರ್ಕಾರ 1909ರಲ್ಲೇ ತನ್ನ ದೇವಸ್ಥಾನಗಳಲ್ಲಿ ದೇವದಾಸಿ ಸೇವೆ ನಿಲ್ಲಿಸಿತು. ಕರ್ನಾಟಕದ 1982ರ ಕಾನೂನಿನಲ್ಲಿ ಮುತ್ತು ಕಟ್ಟಿಸಿದವರಿಗೆ ಜೈಲು, ಹೆತ್ತವರೇ ಕಟ್ಟಿಸಿದರೆ ಶಿಕ್ಷೆ ಇನ್ನೂ ಹೆಚ್ಚು. ಎರಡೂ ಒಂದೇ ಅಂತ ನಾನು ಹೇಳುತ್ತಿಲ್ಲ. ಹತ್ತು ವರ್ಷದ ಹುಡುಗಿಗೆ ಮುತ್ತು ಕಟ್ಟಿದರೆ ಅದು ವೃತ್ತಿಯಲ್ಲ, ಅನ್ಯಾಯ. ಆದರೆ ಎರಡೂ ಕಡೆ ಹೆಸರು ಕೆಟ್ಟಿದ್ದು ಹೆಂಗಸರದ್ದು, ಬಂದು ಹೋದ ಗಂಡಸರು ಸಾಹುಕಾರರಾಗಿ, ಗೌಡರಾಗಿಯೇ ಉಳಿದರು.

ಈಗ ಮೆಲ್ಬರ್ನಿನಲ್ಲಿ ಮೇಡಂ ಬ್ರಸೆಲ್ಸ್ ಹೆಸರಿನ ಗಲ್ಲಿಯೇ ಇದೆ. ನಮ್ಮ ಕಡೆ ಅಂಥ ಹೆಂಗಸರ ಹೆಸರನ್ನು ಯಾರಾದರೂ ಬರೆದಿಟ್ಟಿದ್ದಾರಾ? ಊರಿನ ಹಿರಿಯರಿಗೆ ಗೊತ್ತಿದ್ದರೆ ಕೇಳಿ ತಿಳಿಸಿ. ಮುಂದಿನ ಭಾಗ ನೈಟ್ ಡ್ಯೂಟಿ ಮುಗಿದ ಮೇಲೆ.