ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಯ ಚಾರಣದ ಹಾದಿಗಳು

ಉಡುಪಿ ಜಿಲ್ಲೆಯ ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲ್ಲೂಕುಗಳಲ್ಲಿ ಕರಾವಳಿಯಿಂದ ಪಶ್ಚಿಮ ಘಟ್ಟದ ಅಂಚಿನವರೆಗೆ ಹಳೆಯ ಕಾಲುದಾರಿಗಳ ಒಂದು ಜಾಲವಿದೆ. ಇಂದು ಚಾರಣಿಗರು ನಡೆಯುವ ಹಾದಿಗಳಲ್ಲಿ ಹೆಚ್ಚಿನವು ಚಾರಣಕ್ಕಾಗಿ ಹುಟ್ಟಿದವಲ್ಲ. ಬಸರೂರು, ಬಾರಕೂರಿನ ಬಂದರುಗಳಿಗೂ ಘಟ್ಟದ ಮೇಲಿನ ಮಲೆನಾಡಿಗೂ ನಡುವೆ ಅಕ್ಕಿ, ಮೆಣಸು, ಅಡಿಕೆ, ಉಪ್ಪು ಹೊತ್ತ ಹೇರೆತ್ತುಗಳು ತುಳಿದ ದಾರಿಗಳು ಕೆಲವು. ಕೊಲ್ಲೂರಿಗೆ ಹೋಗುವ ಯಾತ್ರಿಕರು, ಜೇನು ಮತ್ತು ಉಪ್ಪಾಗೆ ಸಂಗ್ರಹಿಸುವ ಕಾಡಿನ ಜನ, ಅರಣ್ಯ ಇಲಾಖೆಯ ಕಾವಲುಗಾರರು ಉಳಿಸಿಕೊಂಡು ಬಂದವು ಇನ್ನು ಕೆಲವು. ಜಲಪಾತ, ಗುಹೆ, ಪಾಳುಕೋಟೆ, ಬಸದಿಗಳು ಈ ದಾರಿಗಳ ಆಸುಪಾಸಿನಲ್ಲೇ ಸಿಗುವುದಕ್ಕೆ ಇದೇ ಕಾರಣ.

ಬೈಂದೂರು ಮತ್ತು ಬ್ರಹ್ಮಾವರ 2018ರಲ್ಲಿ ಪ್ರತ್ಯೇಕ ತಾಲ್ಲೂಕುಗಳಾದವು. ಅದಕ್ಕೆ ಮೊದಲು ಬೈಂದೂರು ಕುಂದಾಪುರ ತಾಲ್ಲೂಕಿಗೂ ಬ್ರಹ್ಮಾವರ ಉಡುಪಿ ತಾಲ್ಲೂಕಿಗೂ ಸೇರಿದ್ದವು. ಹಳೆಯ ಪುಸ್ತಕಗಳಲ್ಲಿ ಕೊಲ್ಲೂರು ಕುಂದಾಪುರ ತಾಲ್ಲೂಕಿನಲ್ಲಿ ಕಾಣಿಸಿಕೊಳ್ಳುವುದು ಹೀಗೆ. ಕಾಡಿನ ಗಡಿಗಳು ಆಡಳಿತದ ಗಡಿಗಳನ್ನು ಅನುಸರಿಸುವುದಿಲ್ಲ. ಕೊಡಚಾದ್ರಿಯ ನೆತ್ತಿ ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನಲ್ಲಿದ್ದರೆ, ಅದರ ಪಶ್ಚಿಮದ ಇಳಿಜಾರಿನ ನೀರೆಲ್ಲ ಬೈಂದೂರು, ಕುಂದಾಪುರದ ಹೊಳೆಗಳಿಗೆ ಬರುತ್ತದೆ.

ನೆಲದ ಸ್ವರೂಪ ಮೂರು ಮೆಟ್ಟಿಲುಗಳದು. ಕಡಲ ಬದಿಯಲ್ಲಿ ಮರಳು ದಿಣ್ಣೆ ಮತ್ತು ಅಳಿವೆಗಳು; ನಡುವೆ ಮುರಕಲ್ಲಿನ ಗುಡ್ಡೆ, ಹಾಡಿ, ಹಕ್ಲು, ಬೈಲುಗದ್ದೆಗಳು; ಆಮೇಲೆ ಒಮ್ಮೆಲೇ ಎದ್ದು ನಿಲ್ಲುವ ಘಟ್ಟ. ಇಲ್ಲಿ ಕಡಲಿಗೂ ಘಟ್ಟಕ್ಕೂ ನಡುವಿನ ಅಂತರ ಕಡಿಮೆ, ಬೈಂದೂರಿನ ಉತ್ತರಕ್ಕೆ ಹೋದಷ್ಟೂ ಇನ್ನೂ ಕಡಿಮೆ. ಕರಾವಳಿಯಲ್ಲೇ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಸುರಿದರೆ ಘಟ್ಟದಂಚಿನಲ್ಲಿ ಅದಕ್ಕಿಂತ ಬಹಳ ಹೆಚ್ಚು. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಎಂಬ ಐದು ಹೊಳೆಗಳು ಗಂಗೊಳ್ಳಿಯ ಬಳಿ ಸಮುದ್ರ ಸೇರುವುದರಿಂದ ಆ ಅಳಿವೆಗೆ ಪಂಚಗಂಗಾವಳಿ ಎಂದು ಹೆಸರು. ಬ್ರಹ್ಮಾವರದ ಕಡೆ ಸೀತಾ ನದಿ ಬೇರೆಯಾಗಿ ಹರಿಯುತ್ತದೆ. ಚಾರಣದ ಹಾದಿಗಳು ಹೆಚ್ಚಾಗಿ ಈ ಹೊಳೆಗಳ ಕಣಿವೆಗಳನ್ನೇ ಹಿಡಿದು ಮೇಲೇರುತ್ತವೆ.

ಸೀಮೆಯ ಅತ್ಯಂತ ಪ್ರಸಿದ್ಧ ಹಾದಿ ಕೊಲ್ಲೂರಿನಿಂದ 1,343 ಮೀಟರ್ ಎತ್ತರದ ಕೊಡಚಾದ್ರಿಗೆ ಏರುವುದು. ವಾಹನದಲ್ಲಿ ಹೋಗುವವರು ನಾಗೋಡಿ ಘಾಟಿ ಹತ್ತಿ, ನಿಟ್ಟೂರಿನ ಕಡೆ ಸುತ್ತಿ, ಕಟ್ಟಿನಹೊಳೆಯಿಂದ ಜೀಪಿನ ಮಣ್ಣುದಾರಿಯಲ್ಲಿ ಮೇಲೇರುತ್ತಾರೆ. ಇದು ಸುಮಾರು 40 ಕಿ.ಮೀ. ಸುತ್ತು. ಕಾಲ್ನಡಿಗೆಯವರು ನಾಗೋಡಿ ರಸ್ತೆಯ ನಡುವೆ ಇಳಿದು ಕಾಡು ಹೊಕ್ಕು, ಕಣಿವೆಯ ಒಂಟಿಮನೆಗಳನ್ನೂ ಸಣ್ಣ ಗದ್ದೆಗಳನ್ನೂ ದಾಟಿ, ಕಡಿದಾದ ಏರಿನಲ್ಲಿ ಬೆಟ್ಟದ ಹುಲ್ಲುಗಾವಲಿಗೆ ಬರುತ್ತಾರೆ. ಕೆಳಗಿನ ಕಾಡು ಧೂಪ, ಸುರಹೊನ್ನೆ, ರಾಮಪತ್ರೆ, ಮುರುಗಲು ಮರಗಳ ನಿತ್ಯಹರಿದ್ವರ್ಣ ಕಾಡು. ಮೇಲೆ ಗಾಳಿಗೆ ಕುಳ್ಳಾದ ಶೋಲಾ ಗುಂಪುಗಳು ಮಾತ್ರ. ಜೀಪಿನಲ್ಲಿ ಹೋದವರಿಗೆ ಬೆಟ್ಟ ಸಿಗುತ್ತದೆ, ಕಾಡು ಸಿಗುವುದಿಲ್ಲ.

ಬೆಟ್ಟದ ಮೇಲೆ ಮೂಲ ಮೂಕಾಂಬಿಕೆಯ ಗುಡಿ, ತುದಿಯಲ್ಲಿ ಶಂಕರಾಚಾರ್ಯರ ಐತಿಹ್ಯಕ್ಕೆ ತಳುಕು ಹಾಕಿಕೊಂಡ ಸರ್ವಜ್ಞ ಪೀಠವೆಂಬ ಕಲ್ಲಿನ ಮಂಟಪ, ಅಲ್ಲಿಂದ ಇನ್ನೂ ಕೆಳಗೆ ಕಾಡಿನೊಳಗೆ ಚಿತ್ರಮೂಲವೆಂಬ ಗುಹೆ ಇವೆ. ಯಾತ್ರಿಕರು ಬೇಗ ದಾಟಿಹೋಗುವ ಒಂದು ವಸ್ತು ಇಲ್ಲಿ ನಿಂತು ನೋಡತಕ್ಕದ್ದು: ಗುಡಿಯ ಎದುರಿನ ಕಬ್ಬಿಣದ ಕಂಬ. ಇಷ್ಟು ಮಳೆಯಲ್ಲಿ, ಬಯಲಿನಲ್ಲಿ ನಿಂತಿದ್ದರೂ ಇದು ತುಕ್ಕಿಗೆ ಕರಗಿಹೋಗಿಲ್ಲ. ಲೋಹಶಾಸ್ತ್ರಜ್ಞ ಟಿ.ಆರ್. ಅನಂತರಾಮನ್ 1999ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಇದರ ಬಗ್ಗೆ ಬರೆದ ಮೇಲೆ ದೆಹಲಿಯ ಕಬ್ಬಿಣದ ಕಂಬದ ಜೊತೆಗೆ ಇದರ ಹೆಸರೂ ವಿದ್ವಾಂಸರ ಚರ್ಚೆಗೆ ಬಂತು.

ಕೊಲ್ಲೂರಿನ ಹತ್ತಿರದ ಅರಿಶಿನಗುಂಡಿ ಜಲಪಾತ ಸೌಪರ್ಣಿಕೆಯ ಹರಿವಿನಲ್ಲಿದೆ. ಅಲ್ಲಿಗೆ ಹೋಗುವ ದಾರಿ ಬೆಟ್ಟ ಹತ್ತಿಸುವುದಿಲ್ಲ. ಕಾಡಿನೊಳಗೆ ಕೆಲವು ಕಿ.ಮೀ. ನಡೆದು, ಕೊನೆಗೆ ಹೊಳೆಯ ಮಡುವಿಗೆ ಇಳಿಸುತ್ತದೆ. ಜಾರುವ ಬಂಡೆಗಳೇ ಇಲ್ಲಿನ ಅಪಾಯ. 2023ರ ಜುಲೈಯಲ್ಲಿ ಜಲಪಾತದ ಎದುರು ವಿಡಿಯೊಗೆ ನಿಂತಿದ್ದ ಯುವಕನೊಬ್ಬ ಜಾರಿ ನೀರುಪಾಲಾದ ನಂತರ ಮಳೆಗಾಲದ ಪ್ರವೇಶದ ಬಗ್ಗೆ ಬಿಗಿ ಹೆಚ್ಚಿತು.

ಕೊಡಚಾದ್ರಿಯ ಇನ್ನೊಂದು ಪಕ್ಕದಲ್ಲಿ, ಜಡ್ಕಲ್ ಮತ್ತು ಮುದೂರಿನ ಕಡೆಯಿಂದ ಬೆಳಕಲ್ ತೀರ್ಥಕ್ಕೆ ದಾರಿ ಇದೆ. ಕೇರಳದಿಂದ ಬಂದು ನೆಲೆಸಿದ ಕೃಷಿಕರ ರಬ್ಬರ್ ತೋಟಗಳನ್ನು ದಾಟಿದರೆ ಬೆಳಕಲ್ಲಿನ ಕೋಟಿಲಿಂಗೇಶ್ವರ ದೇವಸ್ಥಾನ, ಅಲ್ಲಿಂದ ಮುಂದೆ ಕಾಡು. ಎತ್ತರದ ಬಂಡೆಗೋಡೆಯ ಮೇಲಿನಿಂದ ನೀರು ಹನಿಹನಿಯಾಗಿ ಚದುರಿ ಬೀಳುತ್ತದೆ. ಇದು ಜನರ ಪಾಲಿಗೆ ನೋಟದ ತಾಣವಾಗುವ ಮೊದಲೇ ಸ್ನಾನದ ತೀರ್ಥವಾಗಿತ್ತು. ಎಳ್ಳಮಾವಾಸ್ಯೆಯ ದಿನ ಸುತ್ತಲಿನ ಊರವರು ಇಲ್ಲಿಗೆ ನಡೆದು ಬರುತ್ತಾರೆ. ಬೈಂದೂರಿನ ಉತ್ತರಕ್ಕೆ, ಶಿರೂರಿನಿಂದ ತೂದಳ್ಳಿಯ ಮೂಲಕ ಹೋಗುವ ಕೂಸಳ್ಳಿ ಜಲಪಾತ ಇದಕ್ಕೆ ತದ್ವಿರುದ್ಧ. ಅಲ್ಲಿ ಪೂಜೆ, ಹರಕೆಗಳ ಗದ್ದಲವಿಲ್ಲ. ದಾರಿಯ ಕೊನೆಯ ಭಾಗ ಹೊಳೆಯ ಗುಂಡುಗಲ್ಲುಗಳ ಮೇಲೆಯೇ ಸಾಗುತ್ತದೆ, ನೀರು ಹಂತಹಂತವಾಗಿ ಇಳಿಯುತ್ತದೆ. ಈ ಸೀಮೆಯ ಜಲಪಾತದ ಹಾದಿಗಳಲ್ಲಿ ಚಾರಣವೆಂಬ ಮಾತಿಗೆ ಹೆಚ್ಚು ಒಪ್ಪುವುದು ಕೂಸಳ್ಳಿಯ ಹಾದಿಯೇ.

ಇತಿಹಾಸದ ದೃಷ್ಟಿಯಿಂದ ಹೊಸಂಗಡಿ ಘಾಟಿಗೆ ಸಮನಾದ ಹಾದಿ ಇನ್ನೊಂದಿಲ್ಲ. ಕುಂದಾಪುರದಿಂದ ಸಿದ್ದಾಪುರ, ಹೊಸಂಗಡಿಯ ಮೂಲಕ ಘಟ್ಟ ಹತ್ತಿ ಹುಲಿಕಲ್, ಮಾಸ್ತಿಕಟ್ಟೆ ಸೇರುವ ಈಗಿನ ಬಾಳೆಬರೆ ಘಾಟಿ ಹಾದುಹೋಗುವುದು ಇದೇ ಮಗ್ಗುಲಲ್ಲಿ. ಘಟ್ಟದ ಬುಡದ ಹೊಸಂಗಡಿ ಹೊನ್ನೆಯಕಂಬಳಿ ಅರಸರ ನೆಲೆಯಾಗಿತ್ತು. ಕೆಳದಿಯ ವೀರಭದ್ರ ನಾಯಕ 17ನೆಯ ಶತಮಾನದ ಮಧ್ಯದ ಹೊತ್ತಿಗೆ ರಾಜಧಾನಿಯನ್ನು ಇಕ್ಕೇರಿಯಿಂದ ಬಿದನೂರಿಗೆ ಬದಲಾಯಿಸಿದ ಮೇಲೆ ಕುಂದಾಪುರದ ಅಳಿವೆಗೂ ರಾಜಧಾನಿಗೂ ನಡುವಿನ ಹೆಬ್ಬಾಗಿಲು ಇದೇ ಆಯಿತು. 1763ರಲ್ಲಿ ಬಿದನೂರನ್ನು ಗೆದ್ದ ಹೈದರ್ ಅಲಿ ಅದಕ್ಕೆ ತನ್ನ ಹೆಸರಿಟ್ಟ. ಅದು ಇಂದಿನ ನಗರ. 1783ರ ಜನವರಿಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಜನರಲ್ ಮ್ಯಾಥ್ಯೂಸ್ ಕುಂದಾಪುರದಿಂದ ಸೇನೆ ಸಾಗಿಸಿ ಈ ಘಾಟಿಯನ್ನೇ ಹತ್ತಿದ. ದಾರಿಯುದ್ದಕ್ಕೂ ಅಡ್ಡಗಟ್ಟೆ, ತೋಪಿನ ನೆಲೆಗಳಿದ್ದವು. ನೆತ್ತಿಯಲ್ಲಿ ಇಂಗ್ಲಿಷ್ ದಾಖಲೆಗಳು ಹೈದರ್‌ಗಢವೆಂದು ಕರೆಯುವ ಕೋಟೆಯಿತ್ತು. ಬಿದನೂರು ಸುಲಭವಾಗಿಯೇ ಕೈವಶವಾಯಿತು, ಆದರೆ ಉಳಿಯಲಿಲ್ಲ. ಟಿಪ್ಪು ಬಂದು ಮುತ್ತಿಗೆ ಹಾಕಿದಾಗ, ಮಳೆಗಾಲಕ್ಕೆ ಮೊದಲೇ ಮ್ಯಾಥ್ಯೂಸ್ ಶರಣಾಗಿ ಸೆರೆಯಾದ. ಈ ಕಣಿವೆಯ ಕಡಿದನ್ನು ಕಣ್ಣಾರೆ ಕಂಡವರಿಗೆ ಆ ಯುದ್ಧದ ವರ್ಣನೆಗಳು ಬೇರೆಯೇ ಆಗಿ ಅರ್ಥವಾಗುತ್ತವೆ.

ಈ ಕಣಿವೆಯನ್ನು 20ನೆಯ ಶತಮಾನ ಹೆಚ್ಚು ಬದಲಿಸಿತು. ವಾರಾಹಿಗೆ ಮಾಣಿಯಲ್ಲಿ ಅಣೆಕಟ್ಟು ಬಂತು. ಹೊಸಂಗಡಿಯ ಬಳಿ 460 ಮೆಗಾವಾಟ್ ಸಾಮರ್ಥ್ಯದ ಭೂಗರ್ಭ ವಿದ್ಯುದಾಗಾರ ನಿರ್ಮಾಣವಾಯಿತು. 455 ಮೀಟರ್ ಎತ್ತರದ್ದೆಂದು ಪಟ್ಟಿಗಳಲ್ಲಿ ಮೆರೆಯುವ ಕುಂಚಿಕಲ್ ಜಲಪಾತದ ನೀರು ಈಗ ಬಹುಪಾಲು ಸುರಂಗದಲ್ಲಿ ಇಳಿಯುತ್ತದೆ. ಭಾರತದ ಅತಿ ಎತ್ತರದ ಜಲಪಾತವೆಂಬ ಬಿರುದನ್ನು ನಂಬಿ ಹೊರಟವರಿಗೆ ಕಾಣುವುದು ಮಳೆಗಾಲದ ಕೆಲವು ದಿನ ಬಿಟ್ಟರೆ ಒಣ ಬಂಡೆ.

ಕಣಿವೆಯ ಇನ್ನೊಂದು ಬದಿಯಲ್ಲಿ ಕುಬ್ಜಾ ನದಿಯ ದಡದ ಕಮಲಶಿಲೆ ಇದೆ. ಬ್ರಾಹ್ಮೀ ದುರ್ಗಾಪರಮೇಶ್ವರಿಯ ಗರ್ಭಗುಡಿಗೆ ಮಳೆಗಾಲದಲ್ಲಿ ನೆರೆನೀರು ನುಗ್ಗುವುದನ್ನು ಇಲ್ಲಿನವರು ಹಾನಿಯೆಂದು ನೋಡದೆ ದೇವಿಯ ಸ್ನಾನವೆಂದು ಸ್ವಾಗತಿಸುತ್ತಾರೆ. ದೇವಸ್ಥಾನಕ್ಕೆ ಸಮೀಪದ ಸುಪಾರ್ಶ್ವ ಗುಹೆ ಬಾವಲಿಗಳ ಬೀಡು. ಒಳಗೆ ದೀಪ ಹಿಡಿದು ಬಾಗಿ ನಡೆಯಬೇಕು.

ಬ್ರಹ್ಮಾವರದ ಕಡೆ ಬೆಟ್ಟ ತಗ್ಗು, ಪಾಳು ಹೆಚ್ಚು. ಸೀತಾ ನದಿಯ ಬಳಿಯ ಬಾರಕೂರು ಆಳುಪರ ರಾಜಧಾನಿಯಾಗಿದ್ದು, ವಿಜಯನಗರದ ಕಾಲದಲ್ಲಿ ಬಾರಕೂರು ರಾಜ್ಯವೆಂಬ ಪ್ರಾಂತ್ಯದ ಕೇಂದ್ರವಾಯಿತು. 14ನೆಯ ಶತಮಾನದ ಪ್ರವಾಸಿ ಇಬ್ನ್ ಬತೂತ ಫಾಕನೂರ್ ಎಂದು ಬರೆದಿರುವುದು ಈ ಊರನ್ನೇ ಎಂದು ವಿದ್ವಾಂಸರು ಗುರುತಿಸುತ್ತಾರೆ. ಕತ್ತಲೆ ಬಸದಿಯ ಕಲ್ಲುಕಂಬಗಳು, ಕೋಟೆಯ ಕಂದಕ, ಕೆರೆಗಳು, ಶಾಸನಗಳು ಮೂಡುಕೇರಿ, ಕೋಟೆಕೇರಿ, ಚೌಳಿಕೇರಿ, ಮಣಿಗಾರಕೇರಿಗಳಲ್ಲಿ ಹರಡಿಕೊಂಡಿವೆ. ಇವನ್ನು ಒಂದು ದಿನದ ನಡಿಗೆಯಲ್ಲಿ ನೋಡಬಹುದು, ಕಾರಿನಲ್ಲಿ ನೋಡಲಾಗದು. ಕೊಕ್ಕರ್ಣೆಯ ಕಡೆಯ ಸೂರಾಲಿನಲ್ಲಿ ತೋಳಹ ಅರಸರ ಮಣ್ಣಿನ ಅರಮನೆ ಉಳಿದಿದೆ. ಅದೇ ಸುತ್ತಿನ ಕಾಡಂಚಿನಲ್ಲಿ ಕುಡುಬಿ ಸಮುದಾಯದವರಿದ್ದಾರೆ. ಹೋಳಿಯ ದಿನಗಳಲ್ಲಿ ಅವರು ಗುಮಟೆ ಬಾರಿಸುತ್ತಾ ಮನೆಮನೆಗೆ ಹೋಗಿ ಕುಣಿಯುತ್ತಾರೆ. ಸೀತಾ ನದಿಯಲ್ಲೇ ಮೇಲಕ್ಕೆ ಹೋದರೆ ಚಾರದ ಬಳಿ ಜೋಮ್ಲು ತೀರ್ಥ, ಇನ್ನೂ ಮೇಲೆ ಕೂಡ್ಲು ತೀರ್ಥ ಸಿಗುತ್ತವೆ. ಇವೆರಡೂ ಈಗ ಹೆಬ್ರಿ ತಾಲ್ಲೂಕಿನವು.

ಕುಂದಾಪುರದ ಬಳಿಯ ಬಸರೂರು ಈ ದಾರಿಗಳ ಇನ್ನೊಂದು ತುದಿ. ಇಲ್ಲಿನ ಅಕ್ಕಿ ಗೋವಕ್ಕೂ ಪರ್ಷಿಯನ್ ಕೊಲ್ಲಿಯ ಹೊರ್ಮುಜ್‌ಗೂ ಹೋಗುತ್ತಿತ್ತು. 1569ರಲ್ಲಿ ಪೋರ್ಚುಗೀಸರು ಬಂದರನ್ನು ಹಿಡಿದರು. 1665ರ ಫೆಬ್ರುವರಿಯಲ್ಲಿ ಶಿವಾಜಿ ಹಡಗುಗಳಲ್ಲಿ ಬಂದು ಊರನ್ನು ಸೂರೆ ಮಾಡಿದ. ಮಂಡಿಕೇರಿ, ವಿಲಾಸಕೇರಿ ಎಂಬ ಹೆಸರುಗಳೂ ಹಳೆಯ ದೇವಸ್ಥಾನಗಳೂ ಆ ಸಿರಿಯ ಗುರುತಾಗಿ ಉಳಿದಿವೆ. ಘಟ್ಟದ ಹಾದಿಗಳನ್ನಷ್ಟೇ ನಡೆದು ಬಸರೂರನ್ನು ಬಿಟ್ಟವರು ಅರ್ಧ ಕಥೆಯನ್ನು ಮಾತ್ರ ಓದಿದಂತೆ.

ಕಾಡಿನ ಬಹುಭಾಗ ಮೂಕಾಂಬಿಕಾ ವನ್ಯಜೀವಿ ಅಭಯಾರಣ್ಯಕ್ಕೆ ಸೇರುತ್ತದೆ. 1974ರಲ್ಲಿ 247 ಚ.ಕಿ.ಮೀ. ವಿಸ್ತೀರ್ಣದೊಂದಿಗೆ ಘೋಷಣೆಯಾದ ಇದನ್ನು 2011ರಲ್ಲಿ ಸುಮಾರು 370 ಚ.ಕಿ.ಮೀ.ಗೆ ವಿಸ್ತರಿಸಲಾಯಿತು. ದಕ್ಷಿಣಕ್ಕೆ ಸೋಮೇಶ್ವರ ಅಭಯಾರಣ್ಯ, ಉತ್ತರಕ್ಕೆ ಶರಾವತಿ ಕಣಿವೆ ಇರುವುದರಿಂದ ಸಿಂಗಳೀಕ, ಕಾಟಿ, ಕಡವೆ, ಕಾಳಿಂಗ ಸರ್ಪಗಳಿಗೆ ಇದು ಮುರಿಯದ ನೆಲೆ. ಕಾಡಿನೊಳಗಿನ ಹಾದಿಗಳಿಗೆ ಇಲಾಖೆಯ ಅನುಮತಿ ಬೇಕು. 2024ರಲ್ಲಿ ಅರಣ್ಯ ಇಲಾಖೆ ‘ಅರಣ್ಯ ವಿಹಾರ’ ಜಾಲತಾಣದ ಮೂಲಕ ಚಾರಣದ ಮುಂಗಡ ಕಾಯ್ದಿರಿಸುವಿಕೆಯನ್ನು ಆರಂಭಿಸಿತು. 2000ದ ದಶಕದಿಂದ ಎರಡು ದಶಕಗಳ ಕಾಲ ನಕ್ಸಲ್ ಚಟುವಟಿಕೆ ಮತ್ತು ಪೊಲೀಸ್ ಶೋಧದಿಂದಾಗಿ ಅಮಾಸೆಬೈಲು, ಹೆಬ್ರಿ ಕಡೆಯ ಕಾಡಿಗೆ ಹೊರಗಿನವರು ಕಾಲಿಡುವುದು ಕಡಿಮೆಯಿತ್ತು. ಅಲ್ಲಿನ ಅನೇಕ ಹಾದಿಗಳು ಇಂದಿಗೂ ಚಾರಣಿಗರ ನಕ್ಷೆಯಲ್ಲಿ ಇಲ್ಲದಿರುವುದಕ್ಕೆ ಇದೂ ಒಂದು ಕಾರಣ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊಳೆಗಳು ಕ್ಷಣಾರ್ಧದಲ್ಲಿ ಏರುತ್ತವೆ. ಉಂಬಳಗಳ ಕಾಟವೂ ಆಗಲೇ. ಹಳ್ಳಿಗರು ತೋಡು ದಾಟಲು ಹಾಕಿದ ಅಡಿಕೆ ಮರದ ಕಾಲುಸಂಕಗಳು ಅಭ್ಯಾಸವಿದ್ದವರಿಗೂ ಅಪಾಯ ತರುತ್ತವೆ. 2022ರ ಆಗಸ್ಟ್‌ನಲ್ಲಿ ಬೈಂದೂರು ತಾಲ್ಲೂಕಿನ ಕಾಲ್ತೋಡು ಬಳಿ ಶಾಲೆಯಿಂದ ಮರಳುತ್ತಿದ್ದ ಬಾಲಕಿಯೊಬ್ಬಳು ಕಾಲುಸಂಕದಿಂದ ಬಿದ್ದು ಮೃತಪಟ್ಟಳು. ಬೇಸಿಗೆಯ ಅಪಾಯ ಬೇರೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಉಣುಗುಗಳಿಂದ ಹರಡುತ್ತದೆ, ಡಿಸೆಂಬರ್‌ನಿಂದ ಮೇವರೆಗೆ ಹೆಚ್ಚು. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ನೀರೂ ಇದ್ದು ನೆಲವೂ ಗಟ್ಟಿಯಾಗಿರುವ ಅಕ್ಟೋಬರ್ ಕೊನೆಯಿಂದ ಡಿಸೆಂಬರ್ ಮೊದಲ ವಾರಗಳವರೆಗಿನ ಕಾಲವೇ ನಡಿಗೆಗೆ ಸೂಕ್ತ. ಫಲಕಗಳಿಲ್ಲದ ಒಳದಾರಿಗಳಲ್ಲಿ ಊರಿನವರೊಬ್ಬರನ್ನು ಜೊತೆಗೆ ಕರೆದುಕೊಂಡೇ ಹೋಗಬೇಕು.